ಹಿಂಬದಿಯ ಮೇಣದ ಕಲೆ ಉಜ್ಜಿದರೆ ಹೋಗುವುದಿಲ್ಲ

ನೈಲಾನ್ ಕಾಲುಚೀಲದಿಂದ ಉಜ್ಜಿದರೆ ಹಳೆಯ ಬೇಸ್‌ಬಾಲ್ ಕಾರ್ಡಿನ (ಆಟಗಾರರ ಚಿತ್ರವಿರುವ, ಜನ ಸಂಗ್ರಹಿಸುವ ಕಾರ್ಡು) ಎರಡೂ ಬದಿಯ ಮೇಣದ ಕಲೆ, ಅಂದರೆ ಕಾರ್ಡು ಮಾರುತ್ತಿದ್ದ ಮೇಣಗಾಗದದ ಪೊಟ್ಟಣದಿಂದ ಅಂಟಿದ ಕಲೆ, ಹೋಗುತ್ತದೆ ಎಂದು ನಿಮ್ಮ ಬರಹದಲ್ಲಿ ಹೇಳಿದ್ದೀರಿ; ಇಸ್ತ್ರಿಪೆಟ್ಟಿಗೆಯಿಂದ ಮೇಣ ಕರಗಿಸಿ ತೆಗೆಯಬಹುದು ಎಂದೂ ಸಲಹೆ ಕೊಟ್ಟಿದ್ದೀರಿ. ಮುಂಬದಿಗೆ ಇದು ಸರಿ. ಅಲ್ಲಿ ಹೊಳಪಿನ ಲೇಪನ ಇರುವುದರಿಂದ ಮೇಣ ಮೇಲೆಯೇ ಕೂತಿರುತ್ತದೆ. ಬಟ್ಟೆಯನ್ನು ಬೆರಳಿಗೆ ಸುತ್ತಿ, ಹಗುರವಾಗಿ, ನಡುವಿನಿಂದ ಅಂಚಿನ ಕಡೆಗೆ ಮಾತ್ರ ಒರೆಸಬೇಕು. ಅಂಚಿನಿಂದ ಒಳಕ್ಕೆ ಎಳೆದರೆ ಮೂಲೆಯ ಪದರ ಎದ್ದುಬಿಡುತ್ತದೆ. ನಾಲ್ಕೈದು ಸಲ ಒರೆಸಿದ ಮೇಲೆ ಬಟ್ಟೆಯ ಬೇರೆ ಜಾಗ ಬಳಸಿ, ಇಲ್ಲದಿದ್ದರೆ ತೆಗೆದ ಮೇಣವನ್ನೇ ಮತ್ತೆ ಬಳಿದಂತಾಗುತ್ತದೆ. ಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಉಳಿದ ಮೇಣ ಮಬ್ಬಾಗಿ ಕಾಣುತ್ತದೆ.

ಹಿಂಬದಿಯ ಕತೆ ಬೇರೆ. ಅದು ಲೇಪನವಿಲ್ಲದ ರಟ್ಟು, ಮೇಣ ನಾರಿನೊಳಕ್ಕೆ ಇಳಿದಿರುತ್ತದೆ. ಅಲ್ಲಿ ಉಜ್ಜಿದರೆ ರಟ್ಟಿನ ನಾರು ಎದ್ದು ಅಕ್ಷರಗಳ ಶಾಯಿ ಮಾಸುತ್ತದೆ, ಕಲೆ ಮಾತ್ರ ಅಲ್ಲೇ ಇರುತ್ತದೆ. ಇಸ್ತ್ರಿಪೆಟ್ಟಿಗೆಯ ಸಲಹೆಯಂತೂ ದಯವಿಟ್ಟು ತೆಗೆದುಹಾಕಿ: ಕರಗಿದ ಮೇಣ ಇನ್ನಷ್ಟು ಅಗಲಕ್ಕೆ ಹರಡುತ್ತದೆ, ಮುಂಬದಿಯ ಹೊಳಪೂ ಹಾಳಾಗುತ್ತದೆ. ಬಣ್ಣ ತೆಗೆಯುವ ದ್ರವವಾದ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿದರೂ ಮೇಣ ಕರಗುವುದಿಲ್ಲ, ಕಾಗದದ ಹಳೆಯ ಬಣ್ಣ ಹೋಗಿ ಬಿಳಿ ಮಚ್ಚೆ ಉಳಿಯಬಹುದು. ಒಂದೇ ಬದಿ ಒದ್ದೆಯಾದ ಕಾರ್ಡು ಬಾಗುತ್ತದೆ. ಇಂಥ ಗುರುತು ಕಂಡರೆ ಗ್ರೇಡಿಂಗ್ ಸಂಸ್ಥೆಗಳು (ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಡುವವರು) ಅಂಕ ಕೊಡದೆ ವಾಪಸ್ ಕಳಿಸಬಹುದು. ಹಿಂಬದಿಯಲ್ಲಿ ಮೇಣ ಇದ್ದರೆ ಹಾಗೆಯೇ ಬಿಡಿ, ಮಾರುವಾಗ ಅದರ ಫೋಟೋ ಹಾಕಿ.