ಟೊಮೆಟೊ ಹಣ್ಣಲ್ಲ ಎಂದು ಕೋರ್ಟ್ ಹೇಳಿತೇ?

‘ಟೊಮೆಟೊ ಹಣ್ಣಲ್ಲ, ತರಕಾರಿ ಎಂದು ಅಮೆರಿಕದ ಸುಪ್ರೀಂ ಕೋರ್ಟೇ ಸಾಬೀತು ಮಾಡಿದೆ’ ಎಂಬ ಸಂದೇಶ ಹರಿದಾಡುತ್ತಿದೆ. ತೀರ್ಪು ಬಂದದ್ದು ನಿಜ, ಆದರೆ ಅದು ಹೇಳಿದ್ದು ಬೇರೆ.

1883ರ ಸುಂಕ ಕಾಯ್ದೆಯಂತೆ ಅಲ್ಲಿ ಆಮದು ತರಕಾರಿಗೆ ಶೇ 10 ಸುಂಕವಿತ್ತು, ತಾಜಾ ಹಣ್ಣಿಗೆ ಇರಲಿಲ್ಲ. ವೆಸ್ಟ್ ಇಂಡೀಸ್‌ನಿಂದ ಟೊಮೆಟೊ ತರಿಸಿದ್ದ ನಿಕ್ಸ್ ಎಂಬ ವರ್ತಕರು, ‘ಇದು ಹಣ್ಣು, ಕಟ್ಟಿದ ಸುಂಕ ವಾಪಸ್ ಕೊಡಿ’ ಎಂದು ನ್ಯೂಯಾರ್ಕ್ ಬಂದರಿನ ಸುಂಕಾಧಿಕಾರಿ ಹೆಡನ್ ವಿರುದ್ಧ ದಾವೆ ಹೂಡಿದರು. ಜಗಳವೆಲ್ಲ ದುಡ್ಡಿನದು, ವಿಜ್ಞಾನದ್ದಲ್ಲ! 1893ರಲ್ಲಿ ತೀರ್ಪು ಬರೆದ ನ್ಯಾಯಮೂರ್ತಿ ಹೊರೇಸ್ ಗ್ರೇ, ಸಸ್ಯಶಾಸ್ತ್ರದ ಪ್ರಕಾರ ಟೊಮೆಟೊ ಹಣ್ಣೇ ಎಂದು ಒಪ್ಪಿದರು. ಸೌತೆ, ಬೀನ್ಸ್, ಬಟಾಣಿಯೂ ಹಾಗೆಯೇ ಎಂದರು. ಆದರೆ ಜನ ಅದನ್ನು ಊಟದ ಜೊತೆ ತಿನ್ನುತ್ತಾರೆ, ಊಟವಾದ ಮೇಲಿನ ಸಿಹಿಯಾಗಿ ಅಲ್ಲ. ಹಾಗಾಗಿ ಸುಂಕದ ಮಟ್ಟಿಗೆ ತರಕಾರಿ. ನಿಕ್ಸ್ ಸೋತರು.

ಸಸ್ಯಶಾಸ್ತ್ರಕ್ಕೆ ಬೇಕಾದ ಪುರಾವೆ ಟೊಮೆಟೊದೊಳಗೇ ಇದೆ. ಅಡ್ಡಕ್ಕೆ ಕತ್ತರಿಸಿದರೆ ಕೋಣೆಗಳು, ಅವುಗಳಲ್ಲಿ ಲೋಳೆ ಸುತ್ತಿಕೊಂಡ ಬೀಜಗಳು ಕಾಣುತ್ತವೆ. ಹೂವಿನ ಅಂಡಾಶಯವೇ ಬೆಳೆದು ಹೀಗಾದದ್ದು, ಸಸ್ಯಶಾಸ್ತ್ರ ಹಣ್ಣು ಎನ್ನುವುದು ಇದನ್ನೇ. ತೊಟ್ಟಿನ ಬಳಿಯ ಹಸಿರು ನಕ್ಷತ್ರ ಆ ಹೂವಿನದೇ ಪುಷ್ಪಪಾತ್ರೆ, ಅಂದರೆ ಮೊಗ್ಗನ್ನು ಸುತ್ತಿದ್ದ ಹಸಿರು ಎಸಳುಗಳು.

‘ಹಾಗಾದರೆ ತರಕಾರಿ ಎನ್ನುವುದು ತಪ್ಪು’ ಎಂಬ ಪ್ರತಿವಾದವೂ ನಿಲ್ಲುವುದಿಲ್ಲ. ಸಸ್ಯಶಾಸ್ತ್ರದಲ್ಲಿ ತರಕಾರಿ ಎಂಬ ವರ್ಗವೇ ಇಲ್ಲ, ಅದು ಅಡುಗೆಮನೆಯ ವಿಂಗಡಣೆ. ಅಂದಹಾಗೆ, ಸಸ್ಯಶಾಸ್ತ್ರದ ಲೆಕ್ಕದಲ್ಲಿ ಟೊಮೆಟೊ ‘ಬೆರ್ರಿ’, ಅಂದರೆ ಒಂದೇ ಅಂಡಾಶಯದಿಂದ ಬೆಳೆದ, ತಿರುಳಿನೊಳಗೆ ಬೀಜವಿರುವ ಹಣ್ಣು. ಹೆಸರಲ್ಲೇ ಬೆರಿ ಇದ್ದರೂ ಸ್ಟ್ರಾಬೆರಿ ಮಾತ್ರ ‘ಬೆರ್ರಿ’ ಅಲ್ಲ.