ಪೋಕರ್ ಮೇಜಿನ ವಿಚಿತ್ರ ನಡೆ: ಜಾಣ್ಮೆಯೋ, ಹುಂಬ ಜೂಜೋ?

ಪರ: ಹಣ ಕಟ್ಟುವ ಮುಂಚೆಯೇ ಲೆಕ್ಕ ಮುಗಿದಿರುತ್ತದೆ

‘ಹೈ ಸ್ಟೇಕ್ಸ್ ಪೋಕರ್’ ಟಿವಿ ಕಾರ್ಯಕ್ರಮದ ಐದನೇ ಸರಣಿಯಲ್ಲಿ ವೃತ್ತಿಪರ ಆಟಗಾರ ಟಾಮ್ ಡ್ವಾನ್ ಆಡಿದ ಒಂದು ಕೈ (ಒಂದು ಸುತ್ತಿನ ಆಟ) ಇದೆ. ಅದನ್ನು ತೋರಿಸಿ ‘ಇದು ಹುಚ್ಚಾಟವಲ್ಲದೆ ಇನ್ನೇನು’ ಎನ್ನುವವರು ಇಂದಿಗೂ ಇದ್ದಾರೆ. ಹಾಗಾಗಿ ಆ ಕೈಯನ್ನೇ ಬಿಡಿಸಿ ನೋಡುವುದು ಒಳ್ಳೆಯದು.

ಇನ್ನೊಬ್ಬ ವೃತ್ತಿಪರ ಆಟಗಾರ ಬ್ಯಾರಿ ಗ್ರೀನ್‌ಸ್ಟೀನ್ ಬಳಿ ಎರಡು ಎಕ್ಕ. ಅವರು ಮೊದಲ ಸರದಿಯಲ್ಲೇ 2,500 ಡಾಲರ್‌ಗೆ ಏರಿಸಿದರು. ಒಬ್ಬರ ಹಿಂದೊಬ್ಬರಂತೆ ಮೇಜಿಗೆ ಮೇಜೇ ಒಳಗೆ ಬಂತು, ಪಾಟ್ (ಎಲ್ಲರೂ ಕಟ್ಟಿದ ಒಟ್ಟು ಹಣ) 21 ಸಾವಿರ ದಾಟಿತು. ಡ್ವಾನ್ ಬಳಿ ರಾಣಿ-10. 2008ರ ವಿಶ್ವ ಚಾಂಪಿಯನ್, ಡೆನ್ಮಾರ್ಕಿನ ಪೀಟರ್ ಈಸ್ಟ್‌ಗೇಟ್ ಬಳಿ 4-2. ಫ್ಲಾಪ್‌ನಲ್ಲಿ, ಅಂದರೆ ಎಲ್ಲರಿಗೂ ಸೇರಿದಂತೆ ನೆಲದ ಮೇಲೆ ತೆರೆಯುವ ಮೊದಲ ಮೂರು ಎಲೆಗಳಲ್ಲಿ, ಬಿದ್ದದ್ದು 10, 2, 2. ಗ್ರೀನ್‌ಸ್ಟೀನ್ 10,000 ಕಟ್ಟಿದರು, ಡ್ವಾನ್ 37,300ಕ್ಕೆ ಏರಿಸಿದರು, ಈಸ್ಟ್‌ಗೇಟ್ ಕಾಲ್ ಮಾಡಿದರು (ಅಷ್ಟೇ ಹಣ ಹಾಕಿ ಆಟದಲ್ಲಿ ಉಳಿದರು), ಗ್ರೀನ್‌ಸ್ಟೀನ್ ಕೂಡ. ಟರ್ನ್ ಎಂಬ ನಾಲ್ಕನೇ ಎಲೆಯಾಗಿ 7 ಬಂತು. ಈಸ್ಟ್‌ಗೇಟ್‌ಗೆ ಮೂರು 2 ಆಗಿತ್ತು; ಆ ಹೊತ್ತಿಗೆ ಮೂವರಲ್ಲಿ ಹಿಂದೆ ಬಿದ್ದವರು ಡ್ವಾನ್. ಮೂರೂ ಕೈ ತಿಳಿದು ಲೆಕ್ಕ ಹಾಕಿದರೆ ಅವರನ್ನು ಗೆಲ್ಲಿಸುವ ಎಲೆ ಉಳಿದ ಎರಡು 10 ಮಾತ್ರ, ಅಂದರೆ ಶೇ 5ಕ್ಕೂ ಕಡಿಮೆ ಅವಕಾಶ. ಅವರು 1,04,200 ಡಾಲರ್ ಕಟ್ಟಿದರು. ಈಸ್ಟ್‌ಗೇಟ್ ಗೆಲ್ಲುವ ಕೈಯನ್ನು ಎಸೆದರು (ಪಣ ಬಿಟ್ಟುಕೊಟ್ಟರು), ಗ್ರೀನ್‌ಸ್ಟೀನ್ ಎರಡು ಎಕ್ಕಗಳನ್ನು ಎಸೆದರು.

ಈಗ ಈಸ್ಟ್‌ಗೇಟ್ ಜಾಗದಲ್ಲಿ ಕೂತು ನೋಡಿ. ಮೊದಲ ಸರದಿಯಿಂದ ಏರಿಸಿದ ಗ್ರೀನ್‌ಸ್ಟೀನ್ ಇಡೀ ಮೇಜಿನ ಎದುರು ಮತ್ತೆ ಕಟ್ಟಿದ್ದಾರೆ, ಅವರ ಬಳಿ ದೊಡ್ಡ ಜೋಡಿ ಇರುವುದು ಯಾರಿಗೂ ಗುಟ್ಟಲ್ಲ. ಅದು ತಿಳಿದೂ ಡ್ವಾನ್ ಏರಿಸಿದ್ದಾರೆ, ಇಬ್ಬರು ಕಾಲ್ ಮಾಡಿದ ಮೇಲೂ ಬಿಡುತ್ತಿಲ್ಲ. ಹೀಗೆ ಆಡುವವರ ಬಳಿ ಇರಬಹುದಾದದ್ದು 10-10, 10-2, ಎಕ್ಕ-2, ರಾಜ-2. ಈ ನಾಲ್ಕಕ್ಕೂ 4-2 ಸೋಲುತ್ತದೆ. ಬೆನ್ನ ಹಿಂದೆ ಗ್ರೀನ್‌ಸ್ಟೀನ್ ಸರದಿ ಇನ್ನೂ ಬಾಕಿ. ಈಗ ಕಾಲ್ ಮಾಡಿದರೂ ರಿವರ್‌ನಲ್ಲಿ (ಕೊನೆಯ, ಐದನೇ ಎಲೆ ಬಂದಾಗ) ಇದಕ್ಕಿಂತ ದೊಡ್ಡ ಮೊತ್ತ ಎದುರಾಗುತ್ತದೆ. ಡ್ವಾನ್ ಹೆಣೆದದ್ದು ಈ ಇಕ್ಕಟ್ಟನ್ನು. ತಮ್ಮ ಕೈಯಲ್ಲಿದ್ದ 10 ಕೂಡ ಅವರಿಗೆ ಸಹಾಯಕ್ಕೆ ಬಂತು: ನೆಲದ ಮೇಲೆ ಒಂದು 10 ಇರುವಾಗ ಇನ್ನೊಬ್ಬರಿಗೆ 10-10 ಸಿಗುವ ದಾರಿ ಮೂರು. ಡ್ವಾನ್ ಒಂದನ್ನು ಹಿಡಿದಿದ್ದರಿಂದ ಅದು ಒಂದಕ್ಕೆ ಇಳಿಯಿತು.

ಇನ್ನು ಬೆಲೆ. ಪಾಟ್‌ನಲ್ಲಿ ಆಗ ಸುಮಾರು 1,33,000 ಇತ್ತು. ಬ್ಲಫ್ (ಸೋಲುವ ಕೈ ಹಿಡಿದೂ ದೊಡ್ಡದಾಗಿ ಕಟ್ಟಿ ಎದುರಾಳಿ ಎಸೆಯುವಂತೆ ಮಾಡುವುದು) ಎಷ್ಟು ಸಲ ಗೆದ್ದರೆ ಅಸಲು ಎಂಬುದಕ್ಕೆ ಸೂತ್ರ ಸರಳ: ಕಟ್ಟುವ ಮೊತ್ತವನ್ನು, ಆ ಮೊತ್ತ ಮತ್ತು ಪಾಟ್ ಕೂಡಿದ ಸಂಖ್ಯೆಯಿಂದ ಭಾಗಿಸಬೇಕು. ಇಲ್ಲಿ ಬರುವುದು ಶೇ 44. ನೂರರಲ್ಲಿ 44 ಸಲ ಇಬ್ಬರೂ ಎಸೆದರೆ ನಷ್ಟವಿಲ್ಲ, ಅದಕ್ಕಿಂತ ಹೆಚ್ಚು ಎಸೆದರೆ ಲಾಭ. ಪಾಟ್‌ನ ಅರ್ಧ ಕಟ್ಟಿದರೆ ಶೇ 33 ಸಾಕು, ಪಾಟ್‌ನಷ್ಟೇ ಕಟ್ಟಿದರೆ ಶೇ 50 ಬೇಕು, ಎರಡು ಪಟ್ಟು ಕಟ್ಟಿದರೆ ಶೇ 67. ವೃತ್ತಿಪರ ಆಟಗಾರರಿಗೆ ಇದು ಮಗ್ಗಿ ಇದ್ದ ಹಾಗೆ.

ಪಾಟ್‌ಗಿಂತ ಎಷ್ಟೋ ಪಟ್ಟು ಕಟ್ಟುವುದನ್ನು ಬಹುಕಾಲ ಎಲ್ಲರೂ ಹುಂಬತನವೆಂದೇ ತಿಳಿದಿದ್ದರು. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನ ರಿವರ್ಸ್ ಕ್ಯಾಸಿನೊದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಕಂಪ್ಯೂಟರ್ ನಾಲ್ವರು ವೃತ್ತಿಪರರ ವಿರುದ್ಧ ಒಬ್ಬೊಬ್ಬರೊಡನೆ ಮುಖಾಮುಖಿಯಾಗಿ ಒಟ್ಟು 1,20,000 ಕೈ ಆಡಿತು. ಅದು ಸಣ್ಣ ಪಾಟ್‌ಗೆ ತನ್ನೆಲ್ಲ ಚಿಪ್ಸ್ ನೂಕುತ್ತಿತ್ತು. ಆಟಗಾರರು ಪ್ರತಿ ರಾತ್ರಿ ಕೂತು ಅದರ ದೌರ್ಬಲ್ಯ ಹುಡುಕಿದರು, ಸಿಗಲಿಲ್ಲ. ಪ್ರತಿ 100 ಕೈಗೆ 14.7 ಬಿಗ್ ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಒಬ್ಬರು ಕಡ್ಡಾಯವಾಗಿ ಇಡುವ ಮೊತ್ತ) ಲೆಕ್ಕದಲ್ಲಿ ಅದು ಗೆದ್ದಿತು. ಅದಕ್ಕೆ ಕೋಪವಿಲ್ಲ, ಚಟವಿಲ್ಲ, ಕ್ಯಾಮೆರಾದ ಮುಂದೆ ಮೆರೆಯುವ ಆಸೆಯಿಲ್ಲ. ಬರೀ ಲೆಕ್ಕದಿಂದ ಹೊರಟದ್ದೂ ಅದೇ ‘ಹುಚ್ಚು’ ನಡೆಗೇ ಬಂದು ಮುಟ್ಟಿತು.

ಯಾವ ಎಲೆ ಹಿಡಿದು ಬ್ಲಫ್ ಮಾಡಬೇಕು ಎಂಬುದಕ್ಕೂ ಕ್ರಮವಿದೆ. ನೆಲದ ಮೇಲೆ ಸ್ಪೇಡ್ ಗುರುತಿನ ಮೂರು ಎಲೆ ಬಿದ್ದು, ನಿಮ್ಮ ಬಳಿ ಸ್ಪೇಡ್ ಎಕ್ಕ ಒಂದೇ ಇದ್ದರೆ ನಿಮಗೆ ಫ್ಲಷ್ (ಒಂದೇ ಗುರುತಿನ ಐದು ಎಲೆ) ಆಗಿಲ್ಲ. ಆದರೆ ಎಕ್ಕದ ಫ್ಲಷ್ ಎದುರಾಳಿಗೂ ಆಗಿರಲು ಸಾಧ್ಯವಿಲ್ಲ ಎಂಬುದು ನಿಮಗೊಬ್ಬರಿಗೇ ಗೊತ್ತು. ಅನುಭವಿಗಳು ದೊಡ್ಡ ಮೊತ್ತ ಹಾಕುವುದು ಇಂಥ ಕಡೆ. ನೋಡಿ ಕಲಿತವರು ಎಡವುವುದು ಎದುರಾಳಿಯ ಆಯ್ಕೆಯಲ್ಲಿ: ಏನೇ ಬಂದರೂ ಕಾಲ್ ಮಾಡುವವರ ಮುಂದೆ ಇದೇ ಬ್ಲಫ್ ಮಾಡಿ ಹಣ ಸುರಿಯುತ್ತಾರೆ. ಈಸ್ಟ್‌ಗೇಟ್ ಎಸೆದದ್ದು ಅವರು ಯೋಚಿಸುವ ಆಟಗಾರರಾಗಿದ್ದರಿಂದ, ಡ್ವಾನ್ ಅದನ್ನು ನಂಬಿಯೇ ಕಟ್ಟಿದ್ದರು.

ವಿರೋಧ: ಒಂದು ಕೈಯಿಂದ ಏನೂ ಸಾಬೀತಾಗುವುದಿಲ್ಲ

ಶೇ 44ರ ಸೂತ್ರ ಸರಿಯೇ. ಆದರೆ ಎದುರಿನವರು ನಿಜಕ್ಕೂ ಎಷ್ಟು ಸಲ ಎಸೆಯುತ್ತಾರೆ ಎಂಬುದನ್ನು ಸೂತ್ರ ಹೇಳುವುದಿಲ್ಲ, ಅದು ಆಟಗಾರನ ಅಂದಾಜು. ಅದೇ ಕೈಯಲ್ಲಿ ಅವರು 35 ಸಲ ಮಾತ್ರ ಎಸೆಯುವವರಾಗಿದ್ದರೆ? 1,33,000ದ ಶೇ 35 ಅಂದರೆ 46,550 ಬರುತ್ತದೆ, 1,04,200ರ ಶೇ 65 ಅಂದರೆ 67,730 ಹೋಗುತ್ತದೆ. ಪ್ರತಿ ಸಲಕ್ಕೆ ಸರಾಸರಿ 21 ಸಾವಿರ ಡಾಲರ್ ನಷ್ಟ. ಅಂದಾಜು ತಪ್ಪಿದ್ದು ನೂರರಲ್ಲಿ ಒಂಬತ್ತು ಸಲ ಅಷ್ಟೇ. ಕ್ಷಣಾರ್ಧದಲ್ಲಿ ಮುಖ ನೋಡಿ ಮಾಡುವ ಊಹೆ ಅಷ್ಟು ನಿಖರವಾಗಿತ್ತೆಂದು ಯಾರು ಹೇಳಬಲ್ಲರು?

ಸಿದ್ಧಾಂತದ ಹೆಸರು ಹೇಳುವವರು ಅದರ ಉಳಿದರ್ಧವನ್ನು ಹೇಳುವುದಿಲ್ಲ. ಇಬ್ಬರೂ ತಪ್ಪಿಲ್ಲದೆ ಆಡುವ ಸಮತೋಲನದಲ್ಲಿ, ಒಂದು ಕೈಯನ್ನು ಕೆಲವು ಸಲ ಬ್ಲಫ್ ಮಾಡಬೇಕು, ಕೆಲವು ಸಲ ಬಿಟ್ಟುಕೊಡಬೇಕು ಎಂದು ಲೆಕ್ಕ ಬಂದರೆ, ಎರಡರ ಸರಾಸರಿ ಗಳಿಕೆಯೂ ಸಮ ಎಂದೇ ಅರ್ಥ. ಅಂದರೆ ಬೆರಗು ಹುಟ್ಟಿಸುವ ಆ ನಡೆ ಸಾದಾ ನಡೆಗಿಂತ ಒಂದು ಪೈಸೆಯನ್ನೂ ಹೆಚ್ಚು ತರುವುದಿಲ್ಲ. ಅದು ಲಾಭ ತರುವುದು ಎದುರಿನವರ ತಪ್ಪಿನಿಂದ, ಆ ತಪ್ಪು ಇದೆಯೋ ಇಲ್ಲವೋ ತಿಳಿಯಲು ಸಾವಿರಾರು ಕೈಗಳ ದಾಖಲೆ ಬೇಕು.

ಎಷ್ಟು ಸಾವಿರ ಎಂದೂ ಲೆಕ್ಕ ಹಾಕಬಹುದು. ನೋ-ಲಿಮಿಟ್ (ಕಟ್ಟುವ ಮೊತ್ತಕ್ಕೆ ಮಿತಿಯಿಲ್ಲದ) ಆಟದಲ್ಲಿ 100 ಕೈಗಳ ಫಲಿತಾಂಶ ಸರಾಸರಿಯಿಂದ ಆಚೀಚೆ 100 ಬಿಗ್ ಬ್ಲೈಂಡ್ ಹತ್ತಿರ ತೂಗಾಡುತ್ತದೆ. 10,000 ಕೈ ಆದ ಮೇಲೂ ಆ ತೂಗಾಟ ಪ್ರತಿ 100 ಕೈಗೆ 10 ಬಿಗ್ ಬ್ಲೈಂಡ್‌ನಷ್ಟು ಉಳಿದಿರುತ್ತದೆ. ನಿಜದಲ್ಲಿ 5 ಗೆಲ್ಲುವವರು ಆಗ 5 ಸೋತಿರಬಹುದು, ನಿಜದಲ್ಲಿ 3 ಸೋಲುವವರು 7 ಗೆದ್ದು ಮೆರೆಯುತ್ತಿರಬಹುದು. ಗಂಟೆಗೆ 30 ಕೈ ಆಡುವ ಮೇಜಿನಲ್ಲಿ 10,000 ಕೈಗೆ 330 ಗಂಟೆಗೂ ಹೆಚ್ಚು ಬೇಕು. ಟಿವಿಯಲ್ಲಿ ಜನ ಮತ್ತೆ ಮತ್ತೆ ನೋಡುವುದು ಫಲಿಸಿದ ಹತ್ತು ಕೈಗಳನ್ನು. ಅದೇ ಮಾದರಿಯಲ್ಲಿ ಕಟ್ಟಿ, ಕಾಲ್ ಆಗಿ, ಖಾಲಿ ಕೈಯಲ್ಲಿ ಎದ್ದು ಹೋದವರ ತುಣುಕು ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ಲಿಬ್ರಾಟಸ್ ಉದಾಹರಣೆಯಲ್ಲೂ ಒಂದು ಮುಖ್ಯ ವಿವರ ಬಿಟ್ಟುಹೋಗಿದೆ. ಆ ಪಂದ್ಯದಲ್ಲಿ ಪ್ರತಿ ಕೈಗೂ ಎರಡೂ ಕಡೆ 20,000 ಚಿಪ್ಸ್ ಹೊಸದಾಗಿ ತುಂಬುತ್ತಿದ್ದರು, ಚಿಪ್ಸ್ ನಿಜವಾದ ಹಣವೂ ಆಗಿರಲಿಲ್ಲ. ಯಂತ್ರ ದಿವಾಳಿಯಾಗುವ ಪ್ರಶ್ನೆಯೇ ಇರಲಿಲ್ಲ. ಮನುಷ್ಯರಿಗೆ ಆ ಸೌಲಭ್ಯವಿಲ್ಲ. ನಿಮಗೆ 55-45ರ ಮೇಲುಗೈ ಇರುವ ಸರಿಸಮ ಪಣ ಎಂದಿಟ್ಟುಕೊಳ್ಳಿ, ಕೈಯಲ್ಲಿ 1 ಲಕ್ಷ ರೂಪಾಯಿ. ಪ್ರತಿ ಸಲ ಇರುವ ಹಣದ ಹತ್ತರಲ್ಲೊಂದು ಭಾಗ ಕಟ್ಟಿ, ನೂರರಲ್ಲಿ ನಿರೀಕ್ಷೆಯಂತೆ 55 ಗೆದ್ದರೆ ಅದು 1.65 ಲಕ್ಷವಾಗುತ್ತದೆ. ಅದೇ 55 ಗೆಲುವು, ಅದೇ ಮೇಲುಗೈ, ಆದರೆ ಪ್ರತಿ ಸಲ ಕಾಲು ಭಾಗ ಕಟ್ಟಿದರೆ ಉಳಿಯುವುದು 51 ಸಾವಿರ. ನಡೆ ಸರಿಯಿದ್ದೂ ಮೊತ್ತ ತಪ್ಪಿದರೆ ಗೆಲ್ಲುವವರೇ ಸೋಲುತ್ತಾರೆ. ಟಿವಿ ಮೇಜಿನಲ್ಲಿ ಕಟ್ಟಿದ ಲಕ್ಷ ಡಾಲರ್ ಆ ಆಟಗಾರರ ಒಟ್ಟು ಹಣದಲ್ಲಿ ಎಷ್ಟನೇ ಪಾಲು, ಅದರಲ್ಲಿ ಸ್ವಂತದ್ದೆಷ್ಟು, ಬೇರೆಯವರು ಪಾಲು ಹಾಕಿದ್ದೆಷ್ಟು ಎಂಬುದು ತೆರೆಯ ಮೇಲೆ ಬರುವುದಿಲ್ಲ. ಅದು ತಿಳಿಯದೆ ‘ಜಾಣ್ಮೆ’ ಎಂದು ಸರ್ಟಿಫಿಕೇಟ್ ಕೊಡುವುದು ಅವಸರ.

ಕೌಶಲ ಇಲ್ಲವೆಂದು ಇಲ್ಲಿ ವಾದಿಸುತ್ತಿಲ್ಲ. ಆನ್‌ಲೈನ್ ಪಣದ ಆಟಗಳನ್ನು ನಿಷೇಧಿಸಿದ್ದ ರಾಜ್ಯದ 2021ರ ತಿದ್ದುಪಡಿಯ ಮುಖ್ಯ ಭಾಗಗಳನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿದಾಗ, ಕೌಶಲದ ಆಟ ಬೇರೆ, ಅದೃಷ್ಟದ ಆಟ ಬೇರೆ ಎಂಬ ಭೇದವೇ ತೀರ್ಪಿನ ಮುಖ್ಯ ನೆಲೆಯಾಗಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಕಾಯ್ದೆ ಆ ಭೇದ ನೋಡದೆ ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಕೌಶಲವಿದ್ದರೂ ಮನೆ ಮುಳುಗಬಹುದು ಎಂಬುದು ಅದರ ಹಿಂದಿನ ಕಾಳಜಿ, ಅದನ್ನು ತಳ್ಳಿಹಾಕುವಂತಿಲ್ಲ.

ಸ್ವೀಡನ್ನಿನ ವಿಕ್ಟರ್ ಬ್ಲೂಮ್ 2009ರ ಕೊನೆಯಲ್ಲಿ ‘ಇಸಿಲ್ಡರ್1’ ಎಂಬ ಹೆಸರಿನಲ್ಲಿ ಫುಲ್ ಟಿಲ್ಟ್ ಎಂಬ ಆನ್‌ಲೈನ್ ಪೋಕರ್ ಸೈಟಿನ ಅತಿ ದೊಡ್ಡ ಮೇಜುಗಳಿಗೆ ಬಂದರು. ಡ್ವಾನ್ ಸೇರಿದಂತೆ ಘಟಾನುಘಟಿಗಳ ಎದುರು ಏಕಕಾಲಕ್ಕೆ ಹಲವು ಮೇಜುಗಳಲ್ಲಿ ಬಿಡುವಿಲ್ಲದೆ ಏರಿಸುತ್ತಾ ಆಡಿದರು, ಲಕ್ಷಾಂತರ ಡಾಲರ್ ಗೆದ್ದರು. ‘ಪ್ರತಿಭೆ ಎಂದರೆ ಇದು’ ಎಂದು ಜಗತ್ತೇ ಹೇಳಿತು. ಡಿಸೆಂಬರ್ 8ರಂದು ಬ್ಲೂಮ್, ಬ್ರಯಾನ್ ಹೇಸ್ಟಿಂಗ್ಸ್ ಎಂಬ ಆಟಗಾರರ ಎದುರು ಒಮಾಹಾ ಎಂಬ ಬಗೆಯ ಪೋಕರ್ ಆಟಕ್ಕೆ ಕೂತರು. ಸುಮಾರು ಐದು ಗಂಟೆಯಲ್ಲಿ ಹೆಚ್ಚುಕಡಿಮೆ 42 ಲಕ್ಷ ಡಾಲರ್ ಕಳೆದುಕೊಂಡರು. ಹೇಸ್ಟಿಂಗ್ಸ್ ಮತ್ತು ಗೆಳೆಯರು ಬ್ಲೂಮ್ ಆಡಿದ್ದ ಸಾವಿರಾರು ಕೈಗಳ ದಾಖಲೆ ಕೂಡಿಸಿ, ಅವರು ಯಾವ ಹೊತ್ತಿನಲ್ಲಿ ಏನು ಮಾಡುತ್ತಾರೆಂದು ಮೊದಲೇ ಅಧ್ಯಯನ ಮಾಡಿದ್ದರು. ಹಾಗೆ ದಾಖಲೆ ಹಂಚಿಕೊಂಡದ್ದು ಸೈಟಿನ ನಿಯಮಕ್ಕೆ ಸರಿಯೇ ಎಂಬ ಗಲಾಟೆಯೂ ಆಮೇಲೆ ಎದ್ದಿತು. ಯಾರಿಗೂ ಊಹಿಸಲಾಗದ ಆಟ ಎಂದು ಹೊಗಳಿಸಿಕೊಂಡದ್ದರಲ್ಲಿ ಹೇಸ್ಟಿಂಗ್ಸ್ ಮತ್ತು ಗೆಳೆಯರಿಗೆ ಓದಿಕೊಳ್ಳಲು ಬೇಕಾದಷ್ಟು ಸಿಕ್ಕಿತ್ತು.