ಗುಂಡಿಗಿಂತ ಗುಂಡಿ ಮುಖ್ಯ

ಟೀ ಶರ್ಟ್ ಕೊಡ್ತಾರೆ ಅಂದರು, ಹೋದೆ. ಸುಳ್ಳು ಯಾಕೆ ಹೇಳಲಿ? ಇತಿಹಾಸದ ಮೇಲೆ ಪ್ರೀತಿ ಹುಟ್ಟಿದ್ದು ಆಮೇಲೆ. ಅದೂ ಊಟ ತಡವಾದಾಗ ಸ್ವಲ್ಪ ಬಾಡಿತು.

ಜನವರಿಯ ಒಂದು ಭಾನುವಾರ. ಊರು ಹೊಸನಗರ ತಾಲ್ಲೂಕಿನ ನಗರ. ಹೆಸರು ಕೇಳಿ ಬಂದವರಿಗೆ ನಗರ ಎಲ್ಲಿದೆ ಅಂತ ಹುಡುಕುವುದೇ ಮೊದಲ ಕೆಲಸ. ಒಂದು ಕಾಲಕ್ಕೆ ಇದು ಬಿದನೂರು, ಕೆಳದಿ ನಾಯಕರ ರಾಜಧಾನಿ. 1763ರಲ್ಲಿ ಹೈದರಾಲಿ ಹಿಡಿದು ಹೈದರ್‌ನಗರ ಅಂತ ಕರೆದ. ಕಾಲ ಕಳೆದಂತೆ ಹೈದರ್ ಬಿಟ್ಟುಹೋಗಿ ಬರೀ ನಗರ ಉಳಿಯಿತು. 1783ರ ಜನವರಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಬಂದ. ಕೋಟೆ ನೋಡಿಕೊಳ್ಳುತ್ತಿದ್ದ ಅಯಾಜ್ ಮಾತುಕತೆಯಲ್ಲೇ ಕೋಟೆ ಒಪ್ಪಿಸಿಬಿಟ್ಟ. ಮಳೆಗಾಲಕ್ಕೆ ಮೊದಲೇ ಟಿಪ್ಪು ಬಂದು, ಮುತ್ತಿಗೆ ಹಾಕಿ, ವಾಪಸ್ ತಗೊಂಡ. ಇಪ್ಪತ್ತು ವರ್ಷದಲ್ಲಿ ಮೂರು ಸಲ ಕೈ ಬದಲು. ನಮ್ಮಲ್ಲಿ ಅಧಿಕಾರ ಇದಕ್ಕಿಂತ ಬೇಗ ಕೈ ಬದಲಾಗುತ್ತದೆ ಬಿಡಿ, ಆದರೆ ಅದಕ್ಕೆ ಫಿರಂಗಿ ಬೇಕಿಲ್ಲ, ರೆಸಾರ್ಟ್ ಸಾಕು.

ಇಂಥ ಊರಿನಲ್ಲಿ 'ಯುದ್ಧಭೂಮಿ ಸಮೀಕ್ಷೆ'. ಸ್ವಯಂಸೇವಕರು ಬೇಕು ಅಂದಿದ್ದರು. ಊರಿನವರು ಯಾರೂ ಬರಲಿಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ಕೊನೆ ಇಳಿಸುವುದು ಬಿಟ್ಟು ಗುಂಡು ಹುಡುಕಲು ಯಾರಿಗೆ ತಲೆ ಕೆಟ್ಟಿದೆ? ಬಂದವರೆಲ್ಲ ನನ್ನಂಥ ಶಿವಮೊಗ್ಗದವರು, ಅಡಿಕೆಯನ್ನು ಪೊಟ್ಟಣದಲ್ಲಿ ಮಾತ್ರ ನೋಡಿದವರು.

ತರಬೇತಿ ಕೊಟ್ಟ ಹುಡುಗಿಗೆ ಕೆಲಸ ಗೊತ್ತಿತ್ತು. ಅಷ್ಟೂ ಜನರಲ್ಲಿ ಕೆಲಸ ಗೊತ್ತಿದ್ದವಳು ಅವಳೊಬ್ಬಳೇ. ಹಾಗಾಗಿ ಅವಳಿಗೆ ಮೈಕ್ ಸಿಕ್ಕಿದ್ದು ಐದು ನಿಮಿಷ. ಮೆಟಲ್ ಡಿಟೆಕ್ಟರ್ ಹಿಡಿದು ಸಾಲಾಗಿ ನಡೆಯಬೇಕು. ಕೂಗಿದಲ್ಲಿ ಬಾವುಟ ಚುಚ್ಚಬೇಕು. ಜಾಗ ಬರೆದುಕೊಳ್ಳುವವರೆಗೆ ಮಣ್ಣು ಮುಟ್ಟುವ ಹಾಗಿಲ್ಲ. ಸೀಸದ ಗುಂಡು ಗುಂಡಗೇ ಇದ್ದರೆ ಬಹುಶಃ ಸಿಪಾಯಿಯ ಚೀಲದಿಂದ ಉದುರಿದ್ದು, ಚಪ್ಪಟೆಯಾಗಿದ್ದರೆ ಹಾರಿ ಎಲ್ಲೋ ಬಡಿದದ್ದು. ಬಾವುಟಗಳನ್ನೆಲ್ಲ ಒಟ್ಟಿಗೆ ನೋಡಿದರೆ ಯಾರು ಎಲ್ಲಿ ನಿಂತಿದ್ದರು, ಯಾವ ಕಡೆ ಓಡಿದರು ಅಂತ ತಿಳಿಯುತ್ತದೆ. ಅಮೆರಿಕದ ಲಿಟಲ್ ಬಿಗ್‌ಹಾರ್ನ್‌ನಲ್ಲಿ 1876ರಲ್ಲಿ ಯುದ್ಧ ಆಗಿತ್ತು. 1983ರಲ್ಲಿ ಅಲ್ಲಿನ ಹುಲ್ಲಿಗೆ ಬೆಂಕಿ ಬಿದ್ದು ನೆಲ ಬರಿದಾಯಿತು. ಮರುವರ್ಷ ಸ್ವಯಂಸೇವಕರು ಡಿಟೆಕ್ಟರ್ ಹಿಡಿದು ನಡೆದರು. ಖಾಲಿ ತೋಟಾ ಬಿದ್ದ ಜಾಗಗಳನ್ನು ಗುರುತು ಹಾಕಿದ ಮೇಲೆ ನೂರು ವರ್ಷದ ಕಥೆಯೇ ಬೇರೆ ದಾರಿ ಹಿಡಿಯಿತು.

"ಗುಂಡಿಗಿಂತ ಗುಂಡಿ ಮುಖ್ಯ, ನೆನಪಿಟ್ಕೊಳ್ಳಿ" ಅಂದಳು.

ನಮ್ಮಲ್ಲೊಬ್ಬರು ಸಂಜೆಯ ಗುಂಡಿನ ಏರ್ಪಾಡು ಇದೆಯಾ ಅಂತ ಪಿಸುಮಾತಲ್ಲಿ ಕೇಳಿದರು.

ಆಮೇಲೆ ಉದ್ಘಾಟನೆ. ಮುಖ್ಯ ಅತಿಥಿ ಬರುವಾಗ ಹನ್ನೊಂದೂವರೆ. ಬಯಲು ಗಾಳಿಗೆ ದೀಪ ನಿಲ್ಲಲಿಲ್ಲ, ಏಳು ಬೆಂಕಿಕಡ್ಡಿ ಹೋದವು. ನಮಗೆ ಟೀ ಶರ್ಟ್ ಕೊಟ್ಟರು, ಟೋಪಿ ಕೊಟ್ಟರು, ಬ್ಯಾಡ್ಜ್ ಕೊಟ್ಟರು. ಜನವರಿಯಲ್ಲಿ ಮಲೆನಾಡಿನ ಹುಲ್ಲಿಗೆ ಇಳಿಯುವವರಿಗೆ ಬೇಕಾದದ್ದು ಮಂಗನ ಕಾಯಿಲೆ ತರುವ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೀಪಾ ಎಣ್ಣೆ. ಅದು ಯಾರಿಗೂ ನೆನಪಾಗಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಆಶಾ ಕಾರ್ಯಕರ್ತೆ ನಮ್ಮನ್ನು ನೋಡಿ ನಿಂತರು. "ಮಂಗನ ಕಾಯಿಲೆ ಅಂದ್ರೆ ಎಂಥದು ಅಂತ ಗೊತ್ತುಂಟಾ ನಿಮಗೆ?" ಅಂತ ಬೈದು, ಚೀಲದಿಂದ ಬಾಟಲಿ ತೆಗೆದು ಕೊಟ್ಟರು. ಆ ದಿನ ನಮ್ಮ ಜೀವದ ಬಗ್ಗೆ ಯೋಚಿಸಿದ ಏಕೈಕ ಭಾಷಣ ಅದು.

ಜಾಗ ಕೋಟೆಯ ಹೊರಗೆ, ಗೌಡರೊಬ್ಬರ ಬ್ಯಾಣ, ಅಂದರೆ ಹುಲ್ಲುಗಾವಲು. ಡಿಟೆಕ್ಟರ್ ಕೂಗಿತು, ಬಿಯರ್ ಮುಚ್ಚಳ. ಮತ್ತೆ ಕೂಗಿತು, ಇನ್ನೊಂದು ಬಿಯರ್ ಮುಚ್ಚಳ. ಬೇಲಿ ತಂತಿ. ಎತ್ತಿನ ಲಾಳ. ಮುಚ್ಚಳ, ಮುಚ್ಚಳ. ಬಾವುಟಗಳ ಲೆಕ್ಕದಲ್ಲಿ ನೋಡಿದರೆ ಇಲ್ಲಿ ಘನಘೋರ ಯುದ್ಧ ನಡೆದದ್ದು ಹೊಸ ವರ್ಷದ ಹಿಂದಿನ ರಾತ್ರಿ.

ಅಲ್ಲಲ್ಲಿ ದೊಡ್ಡ ಗುಂಡಿಗಳಿದ್ದವು. ಅವು ನಿಧಿ ಹುಡುಕುವವರದು. ಕಳ್ಳರನ್ನು ಹೊಗಳಬಾರದು, ಆದರೂ ಒಂದು ಮಾತು. ಮಲೆನಾಡಿನಲ್ಲಿ ಶಿಸ್ತಿನಿಂದ ನೆಲ ಶೋಧಿಸುವವರು ಇವರು ಮಾತ್ರ. ಉದ್ಘಾಟನೆ ಇಲ್ಲ, ಅತಿಥಿ ಇಲ್ಲ, ಫ್ಲೆಕ್ಸ್ ಇಲ್ಲ, ಒಂದು ನಿಂಬೆಹಣ್ಣು, ಚೂರು ಕುಂಕುಮದಲ್ಲಿ ಕಾರ್ಯಕ್ರಮ ಮುಗಿಯುತ್ತದೆ. ವೀರಗಲ್ಲನ್ನು ಸಹ ಅವರು ಉರುಳಿಸಿ ನೋಡುತ್ತಾರೆ. ನಾವು ಅದರ ಮೇಲೆ ಬಟ್ಟೆ ಒಗೆಯುತ್ತೇವೆ, ಅಷ್ಟೇ.

ಹಾಗಂತ ಈ ಊರಿನ ಮಣ್ಣು ಬರಿದಲ್ಲ. 2018ರಲ್ಲಿ ಇಲ್ಲೇ ಒಂದು ಪಾಳುಬಾವಿಯಲ್ಲಿ ಸಾವಿರಕ್ಕೂ ಜಾಸ್ತಿ ರಾಕೆಟ್ ಸಿಕ್ಕವು. ಟಿಪ್ಪು ಕಾಲದ ಕಬ್ಬಿಣದ ಕೊಳವೆಗಳು. ಅವನ್ನು ತಗೊಂಡು ಹೋಗಿ ಶಿವಮೊಗ್ಗದಲ್ಲಿ ಇಟ್ಟರು, ಶಿವಪ್ಪ ನಾಯಕನ ಅರಮನೆಯ ಮ್ಯೂಸಿಯಂನಲ್ಲಿ. ನಾಯಕರ ರಾಜ್ಯ ಹೋದದ್ದು ಹೈದರನಿಗೆ, ಅವನ ಮಗನ ರಾಕೆಟ್ ಬಂದದ್ದು ನಾಯಕನ ಹೆಸರಿನ ಮನೆಗೆ. ವಸ್ತುಗಳಿಗೆ ನಮ್ಮಷ್ಟು ಜಗಳ ಗೊತ್ತಿಲ್ಲ.

ಒಂದೂವರೆ ಹೊತ್ತಿಗೆ ನಮ್ಮ ಸಾಲಿನವನೊಬ್ಬ ಕೂಗಿದ. ಎಲ್ಲರೂ ಓಡಿದೆವು. ಹುಡುಗಿ ಬರುವಷ್ಟರಲ್ಲಿ ವಸ್ತು ಅವನ ಅಂಗೈಯಲ್ಲಿತ್ತು. ಗೋಲಿಗಿಂತ ಚಿಕ್ಕದು, ಆದರೆ ಕೈ ಜಗ್ಗುವಷ್ಟು ಭಾರ. ಬೂದು ಬಣ್ಣ. ನಡುವೆ ಒಂದು ಸಣ್ಣ ತೂತು.

ಸೀಸದ ಗುಂಡು!

ಇನ್ನು ಯುದ್ಧ ಶುರು. ಒಬ್ಬರು ಇದು ಕೆಳದಿಯವರದೇ ಅಂದರು. ಇನ್ನೊಬ್ಬರು ಟಿಪ್ಪುವಿನದು ಅಂದರು. ಮೂರನೆಯವರು ಕನ್ನಡಕ ಏರಿಸಿ, ಇಂಗ್ಲಿಷರದು, ಫಿನಿಶಿಂಗ್ ನೋಡಿ ಅಂದರು. ತೂತು ಯಾಕೆ ಅಂತ ನಾನು ಕೇಳಿದೆ. ಎದುರಿನ ಗುಂಡು ಬಡಿದು ತೂತಾಗಿದೆ ಅಂದರು. ಆ ಕಾಲದ ಗುರಿ ಅಷ್ಟು ಚೆನ್ನಾಗಿತ್ತಂತೆ. ಮಾತು ಅಲ್ಲಿಂದ ಅಪ್ಪ, ತಾತ, ಪಕ್ಷಗಳ ಮೇಲೆ ಹೋಯಿತು. ನೆಲ ನೋಡುತ್ತಿದ್ದವಳು ಹುಡುಗಿ ಒಬ್ಬಳೇ. ಗುಂಡು ಸಿಕ್ಕ ಜಾಗದಲ್ಲಿ ತಾನೇ ಬಾವುಟ ಚುಚ್ಚಿ ಪುಸ್ತಕ ತರಲು ಹೋದಳು.

ಅಷ್ಟರಲ್ಲಿ ಅತಿಥಿ ಫೋಟೋಗೆ ಬಂದರು. ಬಾವುಟದ ಹಿಂದೆ ಬರೀ ಲಂಟಾನ ಪೊದೆ ಕಾಣುತ್ತಿತ್ತು. "ಸ್ವಲ್ಪ ಈ ಕಡೆ ತಗೊಳ್ರೀ, ಕೋಟೆ ಬರ್ಲಿ" ಅಂದರು. ಬಾವುಟ ಕಿತ್ತು ಹತ್ತು ಮಾರು ಆಚೆ ನೆಟ್ಟರು. ಅಲ್ಲಿ ಬಿಸಿಲು ಎದುರಿಗೆ. ಇನ್ನೂ ಆಚೆ. ಕೊನೆಗೆ ಫ್ಲೆಕ್ಸ್ ಮುಂದೆ ನೆಟ್ಟರು, ಕೋಟೆಯ ಚಿತ್ರ ಹೇಗೂ ಅದರಲ್ಲೇ ಇತ್ತಲ್ಲ! ಲಿಟಲ್ ಬಿಗ್‌ಹಾರ್ನ್‌ನಲ್ಲಿ ತೋಟಾ ಬಿದ್ದ ಜಾಗ ನೋಡಿ ಕಥೆ ಬದಲಾಯಿಸಿದರು. ನಾವು ಫೋಟೋ ನೋಡಿ ಜಾಗ ಬದಲಾಯಿಸಿದೆವು.

ಗದ್ದಲ ಕೇಳಿ ಬ್ಯಾಣದ ಗೌಡರು ಬಂದರು. ಅಡಿಕೆ ಕಲೆಯ ಕೈಯಲ್ಲಿ ಗುಂಡು ತಗೊಂಡು ತಿರುಗಿಸಿ ನೋಡಿದರು.

"ಇದು ನನ್ನ ಬಲೆದು ಮಾರಾಯ್ರೆ. ಮಳೆ ಶುರುವಲ್ಲಿ ಮೇಲೆ ಹತ್ತಿ ಬರೋ ಹತ್ತುಮೀನು ಹಿಡಿಯೋ ಹೊತ್ತಲ್ಲಿ ಉದುರಿದ್ದು. ದಾರ ಪೋಣಿಸೋ ತೂತು ಇದು."

ಯಾರೂ ಮಾತಾಡಲಿಲ್ಲ. ಅತಿಥಿಗಳು ಮೊದಲು ಸುಧಾರಿಸಿಕೊಂಡರು. "ಇರ್ಬಹುದು ಗೌಡ್ರೆ. ಆದ್ರೆ ಈಗಾಗ್ಲೇ ರಿಜಿಸ್ಟರ್‌ನಲ್ಲಿ ಎಂಟ್ರಿ ಆಗಿದೆ. ಫೋಟೋನೂ ಗ್ರೂಪಿಗೆ ಹೋಗಿದೆ."

"ಹಾಗಾರೆ ನನ್ನ ಗುಂಡು?"

"ಒಂದು ಅರ್ಜಿ ಕೊಡಿ."

ಕಾರುಗಳು ಹೋದವು. ಗುಂಡು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಾರಿನ ಜೊತೆ ಹೋಯಿತು. ಹುಡುಗಿ ಪುಸ್ತಕ ಹಿಡಿದು ಬ್ಯಾಣದ ನಡುವೆ ನಿಂತಿದ್ದಳು. ಮೊದಲು ಬಾವುಟ ಎಲ್ಲಿತ್ತು ಅಂತ ನಮ್ಮನ್ನೆಲ್ಲ ಕೇಳಿದಳು. ನಾವು ನಾಲ್ಕು ದಿಕ್ಕಿಗೆ ನಾಲ್ಕು ಬೆರಳು ತೋರಿಸಿದೆವು.

ಗೌಡರು ನೇರ ಪೊದೆಯ ಹತ್ತಿರ ಹೋದರು. ಕಾಲಲ್ಲಿ ಹುಲ್ಲು ಸರಿಸಿದರು.

"ಇಲ್ಲಿ, ತಂಗಿ. ಬಲೆ ಒಣಗ್ಹಾಕೋದು ಇದೇ ಜಾಗ. ನೋಡು, ಇನ್ನೂ ನಾಲ್ಕೈದು ಸಿಗ್ತದೆ."

ಡಿಟೆಕ್ಟರ್ ಕೂಗಿತು. ಅವಳು ಬಗ್ಗಿ ಬಾವುಟ ಚುಚ್ಚಿದಳು. ಆಮೇಲೆ, ಮಣ್ಣು ಮುಟ್ಟುವ ಮೊದಲು, ಜಾಗ ಬರೆದುಕೊಂಡಳು.